ಮಗುವನ್ನು ಖಾಸಗಿ ಸಿಕ್ಸ್ತ್ ಫಾರ್ಮ್ ಕಾಲೇಜಿಗೆ ಸೇರಿಸುವ ಮುಂಚೆ: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ಹತ್ತನೇ ಕ್ಲಾಸ್ ಮುಗಿಸಿದ ಮಕ್ಕಳ ಜೊತೆ ಬಂದಿಳಿದವರು ಸಂಘದಲ್ಲಿ ಮೊದಲು ವಿಚಾರಿಸುವುದು ಬಾಡಿಗೆ ಮನೆ, ಆಮೇಲೆ ಕಾಲೇಜು. ನಮ್ಮಲ್ಲಿ ಪಿಯುಸಿ ಇದ್ದ ಹಾಗೆ ಇಲ್ಲಿ ಸಿಕ್ಸ್ತ್ ಫಾರ್ಮ್. ಇಯರ್ 12, ಇಯರ್ 13, ಒಟ್ಟು ಎರಡು ವರ್ಷ. ಈ ಎರಡು ವರ್ಷದ ಕೊನೆಗೆ ಬರೆಯುವ ಎ ಲೆವೆಲ್ ಪರೀಕ್ಷೆಗೆ ಹೆಚ್ಚಿನ ಮಕ್ಕಳು ಮೂರೇ ವಿಷಯ ತಗೊಳ್ಳುತ್ತಾರೆ. ಪಿಸಿಎಂಬಿ ತರಹ ನಾಲ್ಕೂ ಇರಲಿ ಅಂತ ಹಟ ಹಿಡಿಯಬೇಡಿ. ಮೆಡಿಸಿನ್‌ಗೂ ಸಾಮಾನ್ಯವಾಗಿ ಮೂರು ಸಾಕು. ಸ್ಕಾಟ್ಲೆಂಡ್ ಪದ್ಧತಿ ಬೇರೆ, ಇಲ್ಲಿ ಹೇಳಿದ್ದು ಅಲ್ಲಿಗೆ ಹೊಂದುವುದಿಲ್ಲ.

ದುಡ್ಡು ಕಟ್ಟುವ ಮೊದಲು ಒಂದು ಮಾತು. ಅಪ್ಪ ಅಥವಾ ಅಮ್ಮ ವರ್ಕ್ ವೀಸಾದಲ್ಲಿದ್ದು, ಮಗು ಅವರ ಡಿಪೆಂಡೆಂಟ್ ಆಗಿ ಬಂದಿದ್ದರೆ, ಸರ್ಕಾರಿ ಸಿಕ್ಸ್ತ್ ಫಾರ್ಮ್‌ನಲ್ಲಿ ಸಾಮಾನ್ಯವಾಗಿ ಫೀಸಿಲ್ಲದೆ ಓದಬಹುದು. ಅಲ್ಲಿ ಸೀಟು ಸಿಗುತ್ತಾ ಅಂತ ಮೊದಲು ಕೇಳಿ. ಸರ್ಕಾರಿ ಅಂದ ತಕ್ಷಣ ಮೂಗು ಮುರಿಯುವ ಅಭ್ಯಾಸ ಊರಲ್ಲೇ ಬಿಟ್ಟು ಬನ್ನಿ. ಇಲ್ಲಿನ ಒಳ್ಳೊಳ್ಳೆಯ ಸಿಕ್ಸ್ತ್ ಫಾರ್ಮ್‌ಗಳಲ್ಲಿ ಎಷ್ಟೋ ಸರ್ಕಾರಿಯವೇ.

ಖಾಸಗಿ ಕಾಲೇಜು ಉಪಯೋಗಕ್ಕೆ ಬರುವುದು ಕೆಲವು ಸಂದರ್ಭಗಳಲ್ಲಿ. ಸೆಪ್ಟೆಂಬರ್ ದಾಟಿದ ಮೇಲೆ ಬಂದಿದ್ದೀರಿ, ಎಲ್ಲೂ ಸೀಟಿಲ್ಲ. ಆಗ ಜನವರಿಯಲ್ಲಿ ಶುರುವಾಗುವ ಕೋರ್ಸ್ ಕೆಲವು ಖಾಸಗಿ ಕಾಲೇಜುಗಳಲ್ಲಿ ಇರುತ್ತದೆ. ಅಥವಾ ಮಗು ಪರೀಕ್ಷೆ ಮತ್ತೆ ಬರೆಯಬೇಕು, ಇಲ್ಲಾ ದೊಡ್ಡ ಕ್ಲಾಸಿನಲ್ಲಿ ಬಾಯಿ ಬಿಡುವ ಸ್ವಭಾವದ್ದಲ್ಲ. ಇಂಥವರಿಗೆ ಎಂಟು ಹತ್ತು ಮಕ್ಕಳ ಕ್ಲಾಸು ನಿಜಕ್ಕೂ ಅನುಕೂಲ. ಫಸ್ಟ್ ಪಿಯು ಮುಗಿಸಿ ಬಂದ ಮಗುವನ್ನು ನೇರ ಇಯರ್ 13ಕ್ಕೆ ಸೇರಿಸಿ ಅಂತ ಒತ್ತಾಯ ಮಾಡಬೇಡಿ. ಎರಡೂ ವರ್ಷದ ಪಾಠ ಸೇರಿ ಕೊನೆಯಲ್ಲಿ ಒಂದೇ ಸಲ ಪರೀಕ್ಷೆ, ಹಾಗಾಗಿ ಮೊದಲ ವರ್ಷ ತಪ್ಪಿದರೆ ಅರ್ಧ ಪೋರ್ಷನ್ನೇ ತಪ್ಪಿದಂತೆ.

ಕಾಲೇಜು ನೋಡಲು ಎಲ್ಲರನ್ನೂ ಕರೆಯುವ ಓಪನ್ ಡೇ ದಿನ ಹೋದಾಗ ಕಟ್ಟಡ ನೋಡಿ ಬೇಜಾರಾಗಬಹುದು. ಲಂಡನ್, ಆಕ್ಸ್‌ಫರ್ಡ್, ಕೇಂಬ್ರಿಜ್‌ನಂಥ ಊರುಗಳ ಮಧ್ಯದಲ್ಲಿರುವ ಇಂಥ ಕಾಲೇಜುಗಳು ಎಷ್ಟೋ ಸಲ ಹಳೇ ಮನೆಗಳಲ್ಲೇ ನಡೆಯುತ್ತವೆ. ಆಟದ ಮೈದಾನ ಇರುವುದಿಲ್ಲ, ಹತ್ತಿರದ ಜಿಮ್ ಜೊತೆ ಒಪ್ಪಂದ ಇದ್ದರೆ ಹೆಚ್ಚು. ಅದು ದೊಡ್ಡ ವಿಷಯವಲ್ಲ. ಸೈನ್ಸ್ ಮಕ್ಕಳಿಗಾದರೆ ಲ್ಯಾಬ್ ದೊಡ್ಡ ವಿಷಯ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಎ ಲೆವೆಲ್‌ನಲ್ಲಿ ನಮ್ಮ ಹಾಗೆ ಕೊನೆಗೊಂದು ಪ್ರಾಕ್ಟಿಕಲ್ ಪರೀಕ್ಷೆ, ವೈವಾ ಇಲ್ಲ. ಎರಡು ವರ್ಷದಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ 12 ಪ್ರಯೋಗ ಮಾಡಬೇಕು. ಮಗು ಟೈಟ್ರೇಶನ್ ಮಾಡುವಾಗ ಬ್ಯೂರೆಟ್ ರೀಡಿಂಗ್ ಸರಿಯಾಗಿ ತಗೊಂಡಿತಾ, ಅಲ್ಲೇ ಬರೆದುಕೊಂಡಿತಾ, ಲ್ಯಾಬಿನ ಸುರಕ್ಷತಾ ಕನ್ನಡಕ ಹಾಕಿತ್ತಾ ಅಂತ ಟೀಚರ್ ಪಕ್ಕದಲ್ಲೇ ನಿಂತು ನೋಡುತ್ತಾರೆ, ಗುರುತು ಹಾಕಿಕೊಳ್ಳುತ್ತಾರೆ. ಎಲ್ಲ ಸರಿ ಇದ್ದರೆ ಸರ್ಟಿಫಿಕೇಟಿನಲ್ಲಿ ಗ್ರೇಡಿನ ಜೊತೆ ಪ್ರಾಕ್ಟಿಕಲ್ ಪಾಸ್ ಅಂತ ಬೇರೆಯಾಗಿ ಬರುತ್ತದೆ. ಗ್ರೇಡಿಗೆ ಇದು ಸೇರುವುದಿಲ್ಲ, ನಿಜ. ಆದರೆ ಕೆಲವು ಯೂನಿವರ್ಸಿಟಿ ಕೋರ್ಸುಗಳು ಇದನ್ನು ಕೇಳಿಯೇ ಕೇಳುತ್ತವೆ. ಮೇಲಾಗಿ ಬರೆಯುವ ಪೇಪರಿನ ಅಂಕಗಳಲ್ಲೂ ಶೇ 15ರಷ್ಟಾದರೂ ಪ್ರಯೋಗದ ತಿಳುವಳಿಕೆಗೆ ಸೇರಿದ್ದು. ಹಾಗಾಗಿ ಲ್ಯಾಬ್ ತೋರಿಸಿ ಅನ್ನಿ. ಒಂದೇ ರೂಮಿನಲ್ಲಿ ಮೂರೂ ವಿಷಯ ನಡೆಸುತ್ತಾರಾ? ಲ್ಯಾಬ್ ಟೆಕ್ನೀಷಿಯನ್ ಇದ್ದಾರಾ? ಮಗು ಮಧ್ಯದಲ್ಲಿ ಸೇರಿದರೆ ತಪ್ಪಿಹೋದ ಪ್ರಯೋಗಗಳನ್ನು ಯಾವಾಗ ಮಾಡಿಸುತ್ತಾರೆ? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆ ಕಾಲೇಜು ನೋಡಿ.

ಲೈಬ್ರರಿ ಸುಂದರವಾಗಿದೆ ಅಂತ ಫೋಟೋ ತೋರಿಸುತ್ತಾರೆ. ಫೋಟೋ ಬಿಡಿ, ಸಂಜೆ ಎಷ್ಟು ಗಂಟೆವರೆಗೆ ತೆರೆದಿರುತ್ತದೆ ಕೇಳಿ. ಎ ಲೆವೆಲ್ ಟೈಮ್‌ಟೇಬಲ್‌ನಲ್ಲಿ ಖಾಲಿ ಪೀರಿಯಡ್ ಜಾಸ್ತಿ. ನಮ್ಮ ಮಕ್ಕಳಿಗೆ ಬೆಳಗ್ಗಿಂದ ಸಂಜೆವರೆಗೆ ಕ್ಲಾಸು, ಆಮೇಲೆ ಟ್ಯೂಷನ್ ಅಭ್ಯಾಸ. ಇಲ್ಲಿ ಸುಮ್ನೆ ಬಿಟ್ಟರೆ ಆ ಹೊತ್ತೆಲ್ಲ ಫೋನಿನಲ್ಲೇ ಕಳೆದುಹೋಗುತ್ತದೆ. ಮೇಲ್ವಿಚಾರಣೆ ಇರುವ ಸ್ಟಡಿ ರೂಮ್, ಹಾಜರಿ ತಗೊಳ್ಳುವವರು, ವಾರಕ್ಕೊಮ್ಮೆ ಮಗುವನ್ನು ಕೂರಿಸಿ ಮಾತಾಡಿಸುವ ಪರ್ಸನಲ್ ಟ್ಯೂಟರ್, ಇಷ್ಟಿದ್ದರೆ ಕೊಟ್ಟ ದುಡ್ಡಿಗೆ ಬೆಲೆ ಇದೆ.

ಓದಲು ಬೇಕಾದದ್ದರಲ್ಲಿ ಬಹಳಷ್ಟು ಪುಕ್ಕಟೆ ಸಿಗುತ್ತದೆ. ಮೊದಲು ಪರೀಕ್ಷೆ ನಡೆಸುವ ಬೋರ್ಡ್ ಯಾವುದು ಅಂತ ಬರೆದಿಟ್ಟುಕೊಳ್ಳಿ: ಎಕ್ಯೂಎ, ಓಸಿಆರ್, ಎಡೆಕ್ಸೆಲ್ ಹೀಗೆ. ಒಂದೇ ಮಗುವಿಗೆ ಮೂರು ವಿಷಯಕ್ಕೆ ಮೂರು ಬೋರ್ಡ್ ಇರಬಹುದು, ಹಾಗಾಗಿ ಬೋರ್ಡ್ ತಿಳಿಯದೆ ಪುಸ್ತಕ ಕೊಳ್ಳಬೇಡಿ. ಹಳೇ ಪ್ರಶ್ನೆಪತ್ರಿಕೆ, ಮಾರ್ಕ್ ಸ್ಕೀಮ್ ಎರಡೂ ಆಯಾ ಬೋರ್ಡಿನ ವೆಬ್‌ಸೈಟಿನಲ್ಲೇ ಇವೆ. ಅವುಗಳ ಪಕ್ಕದಲ್ಲೇ ಇರುವ ಪರೀಕ್ಷಕರ ವರದಿಯನ್ನು ಯಾರೂ ತೆರೆಯುವುದೇ ಇಲ್ಲ. ಮಕ್ಕಳು ಎಲ್ಲೆಲ್ಲಿ ಅಂಕ ಕಳೆದುಕೊಂಡರು ಅಂತ ಅದರಲ್ಲಿ ಬಿಡಿಸಿ ಬರೆದಿರುತ್ತಾರೆ. ಗೈಡ್ ಪುಸ್ತಕಕ್ಕಿಂತ ಅದು ಮೇಲು. ಫಿಸಿಕ್ಸ್ ಲೆಕ್ಕಗಳಿಗೆ ಕೇಂಬ್ರಿಜ್ ಯೂನಿವರ್ಸಿಟಿಯವರು ಐಸಾಕ್ ಅನ್ನುವ ಉಚಿತ ತಾಣ ನಡೆಸುತ್ತಾರೆ. ಮನೆ ಹತ್ತಿರದ ಪಬ್ಲಿಕ್ ಲೈಬ್ರರಿ ಕಾರ್ಡಿಗೂ ದುಡ್ಡಿಲ್ಲ.

ಓದಿನಲ್ಲಿ ತೊಂದರೆ ಇರುವ ಮಕ್ಕಳಿಗೆ ಪರೀಕ್ಷೆಯಲ್ಲಿ ಶೇ 25 ಹೆಚ್ಚು ಸಮಯ ಸಿಗಬಹುದು. ಊರಿನ ಡಾಕ್ಟರ್ ವರದಿ ಒಂದನ್ನೇ ಕೊಟ್ಟರೆ ಆಗುವುದಿಲ್ಲ, ಕಾಲೇಜೇ ಪರೀಕ್ಷಿಸಿ ದಾಖಲೆ ಮಾಡಬೇಕು. ಸೇರಿದ ಮೊದಲ ವಾರವೇ ಹೇಳಿ.

ಆಕ್ಸ್‌ಫರ್ಡ್, ಕೇಂಬ್ರಿಜ್, ಮೆಡಿಸಿನ್ ಕನಸಿದ್ದರೆ ಅರ್ಜಿಗೆ ಕೊನೆ ದಿನ ಇಯರ್ 13ರ ಅಕ್ಟೋಬರ್ 15. ಕಾಲೇಜಿನ ಒಳಗಿನ ಗಡುವು ಅದಕ್ಕೂ ಮುಂಚೆ. ಮೆಡಿಸಿನ್‌ಗೆ ಬೇಕಾದ ಪ್ರವೇಶ ಪರೀಕ್ಷೆ ಯುಕ್ಯಾಟ್ ಬೇಸಿಗೆ ರಜೆ ಹೊತ್ತಿಗೇ ಬರುತ್ತದೆ. ಇದಕ್ಕೆ ತರಬೇತಿ ಫೀಸಿನಲ್ಲೇ ಸೇರಿದೆಯಾ, ಬೇರೆ ಕೊಡಬೇಕಾ ಅಂತ ಕೇಳಿ ತಿಳಿಯಿರಿ.

ಫೀಸ್ ಅಂದಮೇಲೆ ನೆನಪಾಯಿತು. 2025ರ ಜನವರಿ 1ರಿಂದ ಖಾಸಗಿ ಶಾಲೆಗಳ ಫೀಸಿಗೆ ಶೇ 20 ವ್ಯಾಟ್ ಬಿದ್ದಿದೆ. ಹೇಳಿದ ಮೊತ್ತ ವ್ಯಾಟ್ ಸೇರಿಸಿಯೋ, ಬಿಟ್ಟೋ? ಪರೀಕ್ಷಾ ಶುಲ್ಕ, ಪುಸ್ತಕ, ಡೆಪಾಸಿಟ್ ಎಲ್ಲ ಕಾಗದದ ಮೇಲೆ ಬರಲಿ. ಬಿಡಬೇಕಾದರೆ ಒಂದು ಪೂರ್ತಿ ಟರ್ಮ್ ಮೊದಲೇ ನೋಟಿಸ್ ಕೊಡಬೇಕು ಅನ್ನುವ ಷರತ್ತು ಸಾಮಾನ್ಯ. ಸೆಪ್ಟೆಂಬರ್‌ಗೆ ಸರ್ಕಾರಿ ಕಾಲೇಜಿಗೆ ಬದಲಾಯಿಸುವ ಯೋಚನೆ ಇದ್ದರೆ ಈಸ್ಟರ್ ರಜೆ ಮುಗಿಯುವುದರೊಳಗೆ ಬರೆದು ಕೊಡಿ. ಇಲ್ಲದಿದ್ದರೆ ಓದದ ಟರ್ಮಿಗೂ ಫೀಸ್ ಕಟ್ಟಿಸಿಕೊಳ್ಳುತ್ತಾರೆ.