ಕಚೇರಿಯ ಅಕ್ರಮವನ್ನು ಹೆಸರು ಬಯಲಾಗದಂತೆ ದೂರುವುದು ಹೇಗೆ

ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಅವರು ಸುವರ್ಣ ಚತುಷ್ಪಥ ಕಾಮಗಾರಿಯಲ್ಲಿ ಕಂಡ ಅಕ್ರಮಗಳ ಕುರಿತು 2002ರಲ್ಲಿ ಪ್ರಧಾನಿಗೆ ಪತ್ರ ಬರೆದಾಗ, ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೇಳಿಕೊಂಡಿದ್ದರು. ಪತ್ರವು ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಸಾಗಿತು. ಮರುವರ್ಷ ನವೆಂಬರ್ 27ರ ನಸುಕಿನಲ್ಲಿ ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಕೊಲೆ ದರೋಡೆಗಾಗಿ ನಡೆಯಿತೆಂದು ಸಿಬಿಐ ಹೇಳಿತು. ಆದರೆ ಗುಟ್ಟಾಗಿಡಿ ಎಂದು ಕೇಳಿದ ಹೆಸರು ಹಲವರ ಮೇಜಿಗೆ ತಲುಪಿತ್ತು ಎಂಬ ಸಂಗತಿ ಅದರಿಂದ ಅಳಿಸಿಹೋಗುವುದಿಲ್ಲ. ಆ ಸಾವಿನ ನಂತರ ಎದ್ದ ಪ್ರಶ್ನೆಗಳು ಸುಪ್ರೀಂ ಕೋರ್ಟಿಗೆ ಹೋದವು, ಅದರ ಫಲವಾಗಿ 2004ರ ಏಪ್ರಿಲ್ 21ರಂದು ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿತು. ಸಾರ್ವಜನಿಕ ಹಿತಾಸಕ್ತಿಯ ಮಾಹಿತಿ ನೀಡುವವರ ರಕ್ಷಣೆಗಾಗಿ ಬಂದ ಈ ನಿರ್ಣಯವನ್ನು ಕಚೇರಿಗಳಲ್ಲಿ ಚಿಕ್ಕದಾಗಿ ಪಿಐಡಿಪಿಐ ಎನ್ನುತ್ತಾರೆ.

ಇದೇ ಉದ್ದೇಶಕ್ಕೆ ಸಂಸತ್ತು 2014ರಲ್ಲಿ ಪೂರ್ಣ ಪ್ರಮಾಣದ ಕಾಯ್ದೆಯನ್ನೇ ಮಾಡಿ, ರಾಷ್ಟ್ರಪತಿಗಳ ಅಂಕಿತವನ್ನೂ ಪಡೆದಿದೆ. ಅದನ್ನು ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಬಿದ್ದಿಲ್ಲ. ಅಂಕಿತ ಬಿದ್ದ ಕಾಯ್ದೆಯೊಂದನ್ನು ವರ್ಷಗಟ್ಟಲೆ ಕಪಾಟಿನಲ್ಲಿಡುವುದು ಸಂಸತ್ತಿಗೂ ಪ್ರಾಣ ಕಳೆದುಕೊಂಡವರಿಗೂ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಅದು ಜಾರಿಗೆ ಬರುವತನಕ ನಮ್ಮ ಕೈಯಲ್ಲಿರುವುದು 2004ರ ನಿರ್ಣಯವೊಂದೇ. ಅದನ್ನು ಸರಿಯಾಗಿ ಬಳಸುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ನಿಮ್ಮ ದೂರು ಇದರ ವ್ಯಾಪ್ತಿಗೆ ಬರುತ್ತದೆಯೇ ಎಂದು ನೋಡಿಕೊಳ್ಳಿ. ದೂರನ್ನು ಸ್ವೀಕರಿಸುವುದು ದೆಹಲಿಯ ಕೇಂದ್ರ ಜಾಗೃತ ಆಯೋಗ, ಅಂದರೆ ಸಿವಿಸಿ. ಕೇಂದ್ರ ಸರ್ಕಾರದ ನೌಕರರು, ರೈಲ್ವೆ, ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳು ಮತ್ತು ಕೇಂದ್ರದ ಸಾರ್ವಜನಿಕ ಉದ್ಯಮಗಳಲ್ಲಿ ನಡೆಯುವ ಭ್ರಷ್ಟಾಚಾರ ಅಥವಾ ಅಧಿಕಾರ ದುರುಪಯೋಗದ ಬಗ್ಗೆ ಯಾರು ಬೇಕಾದರೂ ಬರೆಯಬಹುದು; ನೀವು ಅಲ್ಲಿಯ ನೌಕರರೇ ಆಗಿರಬೇಕೆಂದಿಲ್ಲ. ರಾಜ್ಯ ಸರ್ಕಾರದ ಇಲಾಖೆಗಳು ಇದರ ಹೊರಗಿವೆ, ಅದರ ಮಾತು ಮುಂದೆ ಬರುತ್ತದೆ. ಬಡ್ತಿ ತಪ್ಪಿದ್ದು, ವರ್ಗಾವಣೆಯಾದದ್ದು ಮುಂತಾದ ಸ್ವಂತ ಸೇವಾ ಅಹವಾಲುಗಳನ್ನು ಇದರೊಂದಿಗೆ ಬೆರೆಸಬೇಡಿ. ಬೆರೆಸಿದರೆ ದೂರಿನ ತೂಕ ಇಳಿಯುತ್ತದೆ, ಬರೆದವರು ಯಾರೆಂಬುದೂ ಓದಿದವರಿಗೆ ತಿಳಿದುಹೋಗುತ್ತದೆ.

ಮೂಗರ್ಜಿಯನ್ನು ಸಿವಿಸಿ ಈ ನಿರ್ಣಯದಡಿ ಪರಿಗಣಿಸುವುದಿಲ್ಲ. ಹೆಸರು ಬರೆಯಲೇಬೇಕು, ಆದರೆ ಎಲ್ಲಿ ಬರೆಯಬೇಕೆಂಬುದರಲ್ಲೇ ಇಡೀ ರಕ್ಷಣೆ ಅಡಗಿದೆ. ಪತ್ರದ ಆರಂಭದಲ್ಲೋ ಕೊನೆಯಲ್ಲೋ ಜೊತೆಗಿಡುವ ಬೇರೆ ಹಾಳೆಯಲ್ಲೋ ಹೆಸರು ಮತ್ತು ವಿಳಾಸ ಬರೆಯಲು ಅವಕಾಶವಿದೆ. ನನ್ನ ಸಲಹೆ ಬೇರೆ ಹಾಳೆ. ಆ ಹಾಳೆಯಲ್ಲಿ ಹೆಸರು, ಅಂಚೆ ವಿಳಾಸ ಮತ್ತು ಸಹಿ ಇರಲಿ. ದೂರಿನ ಪುಟಗಳಲ್ಲಿ ಸಹಿ, ಅಡ್ಡ ಸಹಿ, ಮೊಹರು ಯಾವುದೂ ಬೇಡ. ಎರಡನ್ನೂ ಒಂದೇ ಲಕೋಟೆಯಲ್ಲಿಟ್ಟು ಅಂಟಿಸಿ, ಸಿವಿಸಿಯ ಕಾರ್ಯದರ್ಶಿ, ಸತರ್ಕತಾ ಭವನ, ಐಎನ್ಎ, ನವದೆಹಲಿ ಎಂಬ ವಿಳಾಸ ಬರೆದು, ಲಕೋಟೆಯ ಮೇಲ್ಭಾಗದಲ್ಲಿ ಇದು ಪಿಐಡಿಪಿಐ ದೂರು ಎಂದು ದಪ್ಪ ಅಕ್ಷರಗಳಲ್ಲಿ ನಮೂದಿಸಿ. ಈ ಒಂದು ಸಾಲು ಇಲ್ಲದಿದ್ದರೆ ಅದನ್ನು ಸಾಮಾನ್ಯ ದೂರಿನಂತೆ ತೆರೆಯುತ್ತಾರೆ, ಆಗ ಹೆಸರು ಕಾಪಾಡುವ ಹೊಣೆ ಯಾರ ಮೇಲೂ ಇರುವುದಿಲ್ಲ. ಇಮೇಲ್ ಅಥವಾ ಆನ್‌ಲೈನ್ ಪೋರ್ಟಲ್ ಮೂಲಕ ಕಳಿಸಿದ ದೂರಿಗೂ ಈ ರಕ್ಷಣೆ ಸಿಗುವುದಿಲ್ಲ.

ಲಕೋಟೆಯ ಹೊರಗೆ ಕಳುಹಿಸುವವರ ಹೆಸರು ಇರಬಾರದು. ಪರಿಚಿತರೊಬ್ಬರ ಜೊತೆ ಇಂಥ ಲಕೋಟೆಯನ್ನು ಅಂಚೆ ಕಚೇರಿಗೆ ಒಯ್ದಿದ್ದಾಗ ಕೌಂಟರಿನಲ್ಲಿದ್ದವರು ಅದನ್ನು ತಿರುವಿ ನೋಡಿ, ಫ್ರಂ ಅಡ್ರೆಸ್ ಮತ್ತು ಮೊಬೈಲ್ ನಂಬರ್ ಬರೆಯದೆ ಸ್ಪೀಡ್ ಪೋಸ್ಟ್ ತೆಗೆದುಕೊಳ್ಳಲು ಬರುವುದಿಲ್ಲ ಎಂದರು. ಹಿಂದೆ ಏಳೆಂಟು ಜನರ ಸಾಲು ನಿಂತಿತ್ತು, ಪರಿಚಿತರ ಕೈ ಪೆನ್ನಿನತ್ತ ಹೋಯಿತು. ಈ ಬಗೆಯ ದೂರುಗಳಿಗೆ ಕಳುಹಿಸುವವರ ವಿವರ ಕೇಳಬಾರದೆಂದು ಅಂಚೆ ಇಲಾಖೆಯೇ ಎಲ್ಲ ಕಚೇರಿಗಳಿಗೆ ಸೂಚಿಸಿದೆ. ಅದನ್ನು ಮೆಲುದನಿಯಲ್ಲಿ ಹೇಳಿ ಪೋಸ್ಟ್ ಮಾಸ್ಟರ್ ಅವರನ್ನು ಕರೆಯುವಂತೆ ಕೋರಿದ ಮೇಲೆ ಲಕೋಟೆಯನ್ನು ಹಾಗೆಯೇ ಸ್ವೀಕರಿಸಿದರು. ನೀವೂ ಆ ಕ್ಷಣದಲ್ಲಿ ಅವಸರಕ್ಕೆ ಬಿದ್ದು ಹೆಸರು ಗೀಚಬೇಡಿ. ಒಪ್ಪದಿದ್ದರೆ ಲಕೋಟೆಯನ್ನು ಹಿಂಪಡೆದು ಬೇರೆ ಅಂಚೆ ಕಚೇರಿಗೆ ಹೋಗಿ. ನಿಮ್ಮ ಕಚೇರಿಯ ಟಪಾಲು ಹೋಗುವ ಅಂಚೆ ಕಚೇರಿಯನ್ನಂತೂ ಮೊದಲಿಂದಲೇ ಬಿಡುವುದು ಲೇಸು.

ದೂರಿನ ಒಕ್ಕಣೆಯ ಬಗ್ಗೆ ಹೆಚ್ಚು ಹೊತ್ತು ಯೋಚಿಸಬೇಕು, ಏಕೆಂದರೆ ಹೆಸರಿನ ಹಾಳೆ ಸಿವಿಸಿಯಲ್ಲೇ ಉಳಿದರೂ ದೂರಿನ ಸಾರ ತನಿಖೆಗಾಗಿ ನಿಮ್ಮ ಸಂಸ್ಥೆಗೇ ಬರಬಹುದು, ಮತ್ತು ಅಲ್ಲಿ ಅದನ್ನು ಓದುವವರು ನಿಮ್ಮ ಬರವಣಿಗೆಯ ರೀತಿಯನ್ನು ಬಲ್ಲವರಾಗಿರಬಹುದು. “ಅಳತೆ ಪುಸ್ತಕದಲ್ಲಿ ತಪ್ಪು ನಮೂದಾಗಿರುವುದನ್ನು ನಾನು ಸಹಾಯಕ ಎಂಜಿನಿಯರ್ ಗಮನಕ್ಕೆ ತಂದೆ, ಅವರು ಸುಮ್ಮನಿರಲು ಹೇಳಿದರು” ಎಂಬ ವಾಕ್ಯ ನಿಜವಿರಬಹುದು, ಆದರೆ ಆ ಮಾತುಕತೆಯಲ್ಲಿದ್ದವರು ಇಬ್ಬರೇ. ಅದನ್ನೇ “ಇಂಥ ಕಾಮಗಾರಿಯ ಅಳತೆ ಪುಸ್ತಕದ ಇಂಥ ಪುಟದಲ್ಲಿ ನಮೂದಾದ ಡಾಂಬರಿನ ದಪ್ಪಕ್ಕೂ ಸ್ಥಳದಲ್ಲಿರುವ ದಪ್ಪಕ್ಕೂ ಹೊಂದಾಣಿಕೆಯಿಲ್ಲ, ಬಿಲ್ಲು ಇಂಥ ದಿನ ಪಾವತಿಯಾಗಿದೆ” ಎಂದು ಬರೆದರೆ, ಯಾರು ಬೇಕಾದರೂ ಪರಿಶೀಲಿಸಬಹುದಾದ ಸಂಗತಿ ಮಾತ್ರ ಉಳಿದು ಬರೆದವರು ಮರೆಯಾಗುತ್ತಾರೆ. ಬರೆದು ಮುಗಿಸಿದ ಮೇಲೆ ಆರೋಪಿತ ಅಧಿಕಾರಿಯ ಕಣ್ಣಿನಿಂದ ಒಮ್ಮೆ ಓದಿ, ಈ ವಿವರ ಎಷ್ಟು ಜನರಿಗೆ ಗೊತ್ತಿತ್ತು ಎಂದು ಪ್ರತಿ ಸಾಲಿಗೂ ಕೇಳಿಕೊಳ್ಳಿ. ಉತ್ತರ ಮೂರಕ್ಕಿಂತ ಕಡಿಮೆಯಿದ್ದರೆ ಆ ಸಾಲನ್ನು ತೆಗೆಯಿರಿ ಅಥವಾ ಬೇರೆ ರೀತಿ ಬರೆಯಿರಿ. ಮೂಲ ಕಡತಗಳನ್ನು ಹೊರಗೆ ಒಯ್ಯಬೇಡಿ. ಕಡತದ ಸಂಖ್ಯೆ, ದಿನಾಂಕ ಮತ್ತು ಪುಟ ತಿಳಿಸಿದರೆ ತನಿಖಾಧಿಕಾರಿ ಅದನ್ನು ತರಿಸಿಕೊಳ್ಳಬಲ್ಲರು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇಂದಿಗೂ ಜೀವಂತವಾಗಿದೆ ಎಂಬುದನ್ನು ಮರೆಯಬಾರದು. ಕೇಳಿದ್ದು, ಕಂಡದ್ದು, ಊಹಿಸಿದ್ದು ಈ ಮೂರನ್ನೂ ಬೆರೆಸಬೇಡಿ. ದುರುದ್ದೇಶದ ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮ ಕೈಗೊಳ್ಳಲು ಅದೇ ನಿರ್ಣಯದಲ್ಲಿ ಅವಕಾಶವಿದೆ.

ಕಚೇರಿಯ ಕಂಪ್ಯೂಟರಿನಲ್ಲಿ ಒಂದಕ್ಷರವನ್ನೂ ಟೈಪ್ ಮಾಡಬೇಡಿ, ಕಚೇರಿಯ ಪ್ರಿಂಟರನ್ನು ಮುಟ್ಟಬೇಡಿ. ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್ಎಸ್ಎಯ ಗುತ್ತಿಗೆ ಉದ್ಯೋಗಿ ರಿಯಾಲಿಟಿ ವಿನ್ನರ್ ಅವರು 2017ರಲ್ಲಿ ರಹಸ್ಯ ವರದಿಯೊಂದನ್ನು ಪತ್ರಕರ್ತರಿಗೆ ಕಳಿಸಿದಾಗ ತನಿಖಾಧಿಕಾರಿಗಳು ಮೊದಲು ನೋಡಿದ್ದು, ಆ ದಾಖಲೆಯನ್ನು ಮುದ್ರಿಸಿದವರು ಯಾರು ಎಂಬುದನ್ನು. ಲಾಗ್‌ನಲ್ಲಿ 6 ಹೆಸರುಗಳಿದ್ದವು, ಅವರಲ್ಲಿ ಒಬ್ಬರ ಕಚೇರಿ ಕಂಪ್ಯೂಟರಿನಿಂದ ಮಾತ್ರ ಆ ಸುದ್ದಿಸಂಸ್ಥೆಗೆ ಇಮೇಲ್ ಹೋಗಿತ್ತು. ಅವರನ್ನು ಹಿಡಿಯಲು ಅದಕ್ಕಿಂತ ಹೆಚ್ಚಿನ ಬೇಹುಗಾರಿಕೆ ಬೇಕಾಗಲಿಲ್ಲ. ಆಕೆಗೆ 63 ತಿಂಗಳ ಸೆರೆವಾಸವಾಯಿತು. ಸಾಧ್ಯವಾದರೆ ಸ್ವಂತ ಲ್ಯಾಪ್‌ಟಾಪಿನಲ್ಲಿ ಬರೆದು, ಕಚೇರಿಯಿಂದ ದೂರದ ಪ್ರಿಂಟಿಂಗ್ ಅಂಗಡಿಯಲ್ಲಿ ಮುದ್ರಿಸಿ, ಅಂಗಡಿಯ ಕಂಪ್ಯೂಟರಿನಿಂದ ಕಡತವನ್ನು ಅಳಿಸಿಯೇ ಹೊರಡಿ. ಅಂಗಡಿಯವರ ವಾಟ್ಸ್ಆ್ಯಪ್‌ಗೆ ಕಡತ ಕಳಿಸುವ ಅಭ್ಯಾಸ ಈ ಕೆಲಸಕ್ಕೆ ಬೇಡ.

ಫೋನಿನ ವಿಷಯದಲ್ಲಿ ಜನ ಕದ್ದಾಲಿಕೆಗೆ ಹೆದರುತ್ತಾರೆ, ಕರೆಗಳ ಪಟ್ಟಿಗೆ ಹೆದರುವುದಿಲ್ಲ. ಅದು ತಿರುಗುಮುರುಗಾಗಬೇಕು. ಕದ್ದಾಲಿಕೆಯ ಕಥೆ ಕನ್ನಡಿಗರಿಗೆ ಹೊಸದಲ್ಲ; 1988ರಲ್ಲಿ ರಾಮಕೃಷ್ಣ ಹೆಗಡೆ ಅವರು ಮುಖ್ಯಮಂತ್ರಿ ಸ್ಥಾನ ತೊರೆದದ್ದು ಅದೇ ವಿವಾದದಲ್ಲಿ. ದೂರವಾಣಿ ಕದ್ದಾಲಿಸುವುದು ಖಾಸಗಿತನದ ಉಲ್ಲಂಘನೆಯೆಂದು, ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿ, ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಲಿಖಿತ ಆದೇಶವಿಲ್ಲದೆ ಅದು ಸಲ್ಲದೆಂದು ನಿಗದಿಪಡಿಸಿತು. ಒಂದು ಆದೇಶ 60 ದಿನ ನಡೆಯುತ್ತದೆ, ನವೀಕರಿಸುತ್ತ ಹೋದರೂ 180 ದಿನ ಮೀರುವಂತಿಲ್ಲ. 2023ರ ದೂರಸಂಪರ್ಕ ಕಾಯ್ದೆಯಡಿ ಮರುವರ್ಷ ಬಂದ ನಿಯಮಗಳಲ್ಲಿಯೂ ಇದೇ ಚೌಕಟ್ಟು ಉಳಿದಿದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಮಗೆ ಹೆಮ್ಮೆಯ ಸಂಗತಿ. ಅದನ್ನು ಅನುಸರಿಸಿ ಬಾಂಬೆ ಹೈಕೋರ್ಟ್ 2019ರಲ್ಲಿಯೂ ಮದ್ರಾಸ್ ಹೈಕೋರ್ಟ್ 2025ರಲ್ಲಿಯೂ ಲಂಚ ಪ್ರಕರಣಗಳ ಕದ್ದಾಲಿಕೆ ಆದೇಶಗಳನ್ನು ರದ್ದುಪಡಿಸಿವೆ. ಆದರೂ ಒಂದು ಕೊರತೆ ಹಾಗೆಯೇ ಉಳಿದಿದೆ: ಆದೇಶ ಕೊಡುವವರೂ ಅಧಿಕಾರಿಗಳೇ, ಅದನ್ನು ಪರಿಶೀಲಿಸುವ ಸಮಿತಿಯಲ್ಲಿರುವವರೂ ಅಧಿಕಾರಿಗಳೇ. ನ್ಯಾಯಾಧೀಶರ ಕಣ್ಣಿಗೆ ಅದು ಮೊದಲಿಗೆ ಬೀಳುವುದೇ ಇಲ್ಲ, ಕದ್ದಾಲಿಕೆಗೆ ಒಳಗಾದವರಿಗೆ ಯಾರೂ ತಿಳಿಸುವುದಿಲ್ಲ.

ಕರೆಗಳ ಪಟ್ಟಿಗೆ, ಅಂದರೆ ಸಿಡಿಆರ್‌ಗೆ, ಇಷ್ಟು ಬೇಲಿಯೂ ಇಲ್ಲ. ಯಾರಿಗೆ, ಯಾವಾಗ, ಎಷ್ಟು ಹೊತ್ತು, ಯಾವ ಟವರಿನ ಕೆಳಗಿನಿಂದ ಕರೆ ಮಾಡಿದಿರಿ ಎಂಬುದು ಅದರಲ್ಲಿರುತ್ತದೆ. ಕಂಪನಿಗಳು ಅದನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕೆಂದು 2021ರ ಡಿಸೆಂಬರಿನಿಂದ ನಿಯಮವಿದೆ, ಗೃಹ ಕಾರ್ಯದರ್ಶಿಯ ಆದೇಶವಿಲ್ಲದೆಯೇ ಪೊಲೀಸರು ತನಿಖೆಯ ಹೆಸರಿನಲ್ಲಿ ಅದನ್ನು ಪಡೆಯಬಹುದು. ನೀವು ಆಡಿದ ಮಾತು ಯಾರಿಗೂ ಕೇಳಿಸದಿದ್ದರೂ, ದೂರು ಹೋದ ವಾರದಲ್ಲಿ ನೀವು ವಕೀಲರಿಗೂ ಪತ್ರಕರ್ತರಿಗೂ ಹತ್ತು ಬಾರಿ ಕರೆ ಮಾಡಿದ್ದು ಸಾಕಷ್ಟು ಹೇಳುತ್ತದೆ. ಸಲಹೆ ಬೇಕಿದ್ದರೆ ವಕೀಲರನ್ನು ಮುಖತಃ ಕಾಣಿ, ದೂರಿನ ಪುಟಗಳ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಬೇಡಿ.

ಇನ್ನೊಂದು ಎಡವಟ್ಟು ಬಹಳ ಒಳ್ಳೆಯ ಉದ್ದೇಶದಿಂದಲೇ ಆಗುತ್ತದೆ. ಪುರಾವೆ ಗಟ್ಟಿಯಾಗಲೆಂದು ಜನ ಮೊದಲು ತಮ್ಮ ಹೆಸರಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಆಮೇಲೆ ಸಿವಿಸಿಗೆ ಬರೆಯುತ್ತಾರೆ. ಅದೇ ವಿಷಯದಲ್ಲಿ ನಿಮ್ಮ ಹೆಸರು ಈಗಾಗಲೇ ಬಹಿರಂಗವಾಗಿದ್ದರೆ ಪಿಐಡಿಪಿಐ ರಕ್ಷಣೆಗೆ ಅರ್ಥ ಉಳಿಯುವುದಿಲ್ಲ, ಆಯೋಗವೂ ಅದನ್ನು ಕೊಡುವುದಿಲ್ಲ. ಸಚಿವರಿಗೊಂದು, ಸಂಸದರಿಗೊಂದು, ಪತ್ರಿಕೆಗೊಂದು ಎಂದು ಪ್ರತಿಗಳನ್ನು ಹಂಚಿದವರಿಗೂ ಇದೇ ಗತಿ. ಮಾಹಿತಿ ಬೇಕೇ ಬೇಕೆಂದಿದ್ದರೆ ಆ ಕಚೇರಿಗೆ ಸಂಬಂಧವಿಲ್ಲದ ಒಬ್ಬರು ಕೇಳಲಿ. ಅರ್ಜಿದಾರರು ಮನೆ ವಿಳಾಸದ ಬದಲು ಪೋಸ್ಟ್ ಬಾಕ್ಸ್ ಸಂಖ್ಯೆ ಕೊಡಬಹುದೆಂದು ಕಲ್ಕತ್ತಾ ಹೈಕೋರ್ಟ್ 2013ರಲ್ಲಿ ಹೇಳಿದೆ.

ಲಕೋಟೆ ತಲುಪಿದ ಮೇಲೆ ಆಯೋಗವು ದೂರು ನಿಮ್ಮದೇ ಹೌದೇ, ಬೇರೆಲ್ಲಾದರೂ ಕೊಟ್ಟಿದ್ದೀರಾ ಎಂದು ಕೇಳಿ ನಿಮ್ಮ ವಿಳಾಸಕ್ಕೆ ಪತ್ರ ಬರೆಯುತ್ತದೆ. 30 ದಿನಗಳೊಳಗೆ ಉತ್ತರಿಸಬೇಕು. ಆದ್ದರಿಂದ ಕೊಡುವ ವಿಳಾಸ ಕಚೇರಿಯದೂ ಆಗಿರಬಾರದು, ಇಲಾಖೆಯ ವಸತಿಗೃಹದ್ದೂ ಆಗಿರಬಾರದು. ನನಗೆ ತಿಳಿದ ಒಬ್ಬರು ಕ್ವಾರ್ಟರ್ಸಿನ ವಿಳಾಸ ಕೊಟ್ಟಿದ್ದರು. ಆಯೋಗದ ಮುದ್ರೆಯಿದ್ದ ಕಂದು ಲಕೋಟೆ ಕಾಲನಿಯ ಗೇಟಿನ ಮೇಜಿನ ಮೇಲೆ, ಹೋಗಿಬರುವವರೆಲ್ಲರ ಕಣ್ಣೆದುರು, ಎರಡು ದಿನ ಬಿದ್ದಿತ್ತು. ಊರಿನಲ್ಲಿರುವ ತಂದೆತಾಯಿಯ ಮನೆ ಅಥವಾ ನಂಬಿಕಸ್ಥ ಬಂಧುವಿನ ಮನೆ ಇದಕ್ಕೆ ಒಳ್ಳೆಯದು, ಅಂಚೆ ಬಂದ ದಿನವೇ ನಿಮಗೆ ತಿಳಿಸುವಂತೆ ಹೇಳಿಡಿ.

ರಾಜ್ಯ ಸರ್ಕಾರಿ ನೌಕರರ ಮುಂದೆ ಈ ಬಾಗಿಲಿಲ್ಲ ಎಂದು ಬರೆಯುವಾಗ ನನಗೆ ಸಂಕಟವಾಗುತ್ತದೆ. ಸಹಕಾರ ಇಲಾಖೆಯ ಲೆಕ್ಕಪರಿಶೋಧನೆಯಲ್ಲಿ ಅಕ್ರಮಗಳನ್ನು ಎತ್ತಿ ತೋರಿಸಿದ ಕೆಎಎಸ್ ಅಧಿಕಾರಿ ಎಸ್.ಪಿ. ಮಹಾಂತೇಶ್ ಅವರು 2012ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಲ್ಲೆಗೊಳಗಾಗಿ, ಕೆಲವೇ ದಿನಗಳಲ್ಲಿ ತೀರಿಕೊಂಡರು. ಇಲ್ಲಿ ದೂರಿಗೆ ಇರುವ ಮುಖ್ಯ ದಾರಿ ಲೋಕಾಯುಕ್ತ, ಅಲ್ಲಿ ನಿಗದಿತ ನಮೂನೆಯ ಜೊತೆ ಪ್ರಮಾಣಪತ್ರ ಸಲ್ಲಿಸಬೇಕು. 1984ರ ಲೋಕಾಯುಕ್ತ ಕಾಯ್ದೆಯ 9ನೇ ಕಲಮಿನಂತೆ ತನಿಖೆ ನಡೆಸುವಾಗ ದೂರಿನ ಪ್ರತಿಯನ್ನು ಆರೋಪಿತ ನೌಕರನಿಗೇ ಕಳಿಸಲಾಗುತ್ತದೆ. ಅದಕ್ಕೆ ಸಿದ್ಧರಿಲ್ಲದವರು, ಹೊರಗಿನ ನಾಗರಿಕರೊಬ್ಬರು ಮಾಹಿತಿ ಹಕ್ಕಿನಲ್ಲಿ ದಾಖಲೆ ಪಡೆದು ತಮ್ಮ ಹೆಸರಿನಲ್ಲೇ ದೂರು ಕೊಡಲು ಒಪ್ಪುವರೇ ಎಂದು ನೋಡಬಹುದು. ಕೇಳುವ ಮುನ್ನ ಅವರಿಗೆ ಅಪಾಯವನ್ನು ಬಿಡಿಸಿ ಹೇಳುವುದು ನಿಮ್ಮ ಕರ್ತವ್ಯ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಹೆಸರು ಸೋರಿ, ಕಿರುಕುಳ ಶುರುವಾದರೆ, ರಕ್ಷಣೆ ಕೋರಿ ಸಿವಿಸಿಗೇ ಮತ್ತೆ ಬರೆಯಲು ನಿರ್ಣಯ ಅವಕಾಶ ಕೊಡುತ್ತದೆ. ಆಗ ಬೇಕಾಗುವುದು ದಿನಾಂಕಗಳು. ದೂರು ಕಳಿಸಿದ ದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ, ಮನೆಯಲ್ಲಿ ಕುಳಿತು ಕೈಬರಹದಲ್ಲಿ, ಕಚೇರಿಯಲ್ಲಿ ನಿಮಗೆ ಬಂದ ಮೆಮೊ, ವರ್ಗಾವಣೆ ಆದೇಶ, ರಜೆ ನಿರಾಕರಣೆ, ವಾರ್ಷಿಕ ಕಾರ್ಯನಿರ್ವಹಣಾ ವರದಿಯ ಅಂಕ ಇವುಗಳನ್ನು ತಾರೀಖಿನ ಸಮೇತ ಬರೆದಿಡಿ. ಸ್ಪೀಡ್ ಪೋಸ್ಟ್ ರಸೀದಿಯ ಅಕ್ಷರಗಳು ಕೆಲವು ತಿಂಗಳಲ್ಲಿ ಮಾಸಿಹೋಗುತ್ತವೆ, ಆದ್ದರಿಂದ ಅದರ ಸಂಖ್ಯೆಯನ್ನು ಮೊದಲ ಪುಟದಲ್ಲೇ ನಕಲು ಮಾಡಿ. ಆ ನೋಟ್‌ಬುಕ್ ಆಯೋಗದ ಪತ್ರ ಬರುವ ಮನೆಯಲ್ಲೇ ಇರಲಿ, ಕಚೇರಿಯ ಡ್ರಾಯರಿನಲ್ಲಿ ಬೇಡ.