ಸ್ಕಾಲರ್‌ಶಿಪ್ ಬರೋಕೆ ಪಿನ್ ಬೇಡ, ಅಕೌಂಟ್ ಯಾರಿಗೂ ಬಾಡಿಗೆಗೆ ಬೇಡ

ಹಾಸನದ ಸಾಲಗಾಮೆ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಸ್ಕಾಲರ್‌ಶಿಪ್ ಅರ್ಜಿ ತುಂಬಿಸೋಕೆ ಕಾಲೇಜು ಮಕ್ಕಳು ಬರುತ್ತಲೇ ಇರುತ್ತಾರೆ. ಕಳೆದ ಮಳೆಗಾಲದಲ್ಲಿ ಸಕಲೇಶಪುರ ಕಡೆಯ ಹುಡುಗಿಯೊಬ್ಬಳು ಬಂದು, "ಅಣ್ಣ, ಸ್ವಲ್ಪ ವೈಫೈ ಕೊಡ್ತೀರಾ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿದ್ರೆ ಸ್ಕಾಲರ್‌ಶಿಪ್ ಬೀಳುತ್ತಂತೆ" ಅಂದಳು. ಫೋನ್ ತಗೊಂಡು ನೋಡಿದೆ. ಯಾರದೋ ಹೆಸರು, ಅದರ ಕೆಳಗೆ 4,999 ರೂಪಾಯಿ, ಅದರ ಕೆಳಗೆ 'ಪೇ' ಅನ್ನೋ ಬಟನ್. ಪಾಪ, ದುಡ್ಡು ಕೊಡೋಕೆ ಹೊರಟಿದ್ದಳು, ಅದೂ ಪಿಜಿ ಬಾಡಿಗೆಗೆ ಅಪ್ಪ ಕಳಿಸಿದ್ದ ದುಡ್ಡು.

ಯುಪಿಐ ಪಿನ್ ಇರೋದು ದುಡ್ಡು ಕಳಿಸೋಕೆ, ಇಲ್ಲವೇ ಬ್ಯಾಲೆನ್ಸ್ ನೋಡೋಕೆ. ನಿಮಗೆ ಬರೋ ದುಡ್ಡಿಗೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಸರ್ಕಾರದ ಸ್ಕಾಲರ್‌ಶಿಪ್ ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಬರುತ್ತದೆ. ಮೆಸೇಜ್ ಬಂದರೆ ಅದರ ಲಿಂಕ್ ಒತ್ತಬೇಡಿ. ನೀವೇ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ಗೆ ಹೋಗಿ ಅರ್ಜಿ ಎಲ್ಲಿಗೆ ಬಂದಿದೆ ಅಂತ ನೋಡಿ.

ನನಗೆ ಇದಕ್ಕಿಂತ ಜಾಸ್ತಿ ಭಯ ಇರೋದು ಅಕೌಂಟ್ ಬಾಡಿಗೆಯ ವಿಷಯದಲ್ಲಿ. ಹಾಸ್ಟೆಲ್ಲಿನಲ್ಲಿ ಸೀನಿಯರ್ ಒಬ್ಬರು, ಇಲ್ಲಾಂದ್ರೆ ಟೆಲಿಗ್ರಾಂನಲ್ಲಿ ಯಾರೋ ಸಿಗುತ್ತಾರೆ. "ಸುಮ್ನೆ ಒಂದು ಖಾತೆ ತೆರೆದು ಎಟಿಎಂ ಕಾರ್ಡು, ಸಿಮ್ಮು ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ" ಅನ್ನುತ್ತಾರೆ. ಕೆಲಸವೇ ಮಾಡದೆ ದುಡ್ಡು ಯಾಕೆ ಕೊಡುತ್ತಾರೆ ಹೇಳಿ? ಬೇರೆಲ್ಲೋ ಯಾರಿಗೋ ಮೋಸ ಮಾಡಿದ ದುಡ್ಡು ನಿಮ್ಮ ಖಾತೆಗೆ ಬಂದು, ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಪೊಲೀಸರು ಜಾಡು ಹಿಡಿದು ಬಂದಾಗ ಅವರಿಗೆ ಸಿಗೋದು ನಿಮ್ಮ ಹೆಸರು, ನಿಮ್ಮ ಆಧಾರ್, ನಿಮ್ಮ ಊರು. ಖಾತೆ ಫ್ರೀಜ್ ಆಗುತ್ತದೆ, ಕೇಸಿನಲ್ಲಿ ನೀವೂ ಸೇರಿಕೊಳ್ಳುತ್ತೀರಿ. "ನನಗೇನೂ ಗೊತ್ತಿರಲಿಲ್ಲ ಸಾರ್" ಅಂದರೆ ಅಷ್ಟಕ್ಕೇ ಬಿಡುವುದಿಲ್ಲ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಕಾರ್ಡ್ ಬ್ಲಾಕ್ ಮಾಡಿಸಿ, ನಡೆದದ್ದನ್ನು ಪೊಲೀಸರಿಗೂ ಹೇಳಿ.

ಇನ್ನು ರೂಮು: ಕಣ್ಣಾರೆ ನೋಡದೆ ಅಡ್ವಾನ್ಸ್ ಹಾಕಬೇಡಿ. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ, ಗಾಡಿ ಫೈನ್ ಅಂತ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕೋ ಫೈಲ್) ಬಂದರೆ, ಕಳಿಸಿದವರು ನಿಮ್ಮ ಸ್ವಂತ ಅತ್ತೆಯೇ ಆಗಿದ್ದರೂ, ತೆರೆಯಬೇಡಿ. ಅವರ ಫೋನೇ ಕಳ್ಳರ ಕೈಗೆ ಹೋಗಿರಬಹುದು.

ದುಡ್ಡು ಹೋಗೇಬಿಟ್ಟಿತು ಅಂದುಕೊಳ್ಳಿ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲೇ ದೂರು ಹೋದರೆ ತಡೆಹಿಡಿಯುವ ಸಾಧ್ಯತೆ ಇದೆ, ಬೆಳಗ್ಗೆ ನೋಡೋಣ ಅಂದರೆ ಕಷ್ಟ. ಎಷ್ಟು ಹೋಯಿತು, ಎಷ್ಟು ಹೊತ್ತಿಗೆ, ಯಾವ ಬ್ಯಾಂಕು, ಯುಪಿಐನ 12 ಅಂಕಿಯ ರೆಫರೆನ್ಸ್ ನಂಬರ್, ಇವೆಲ್ಲ ಕೈಯಲ್ಲಿರಲಿ. ಬ್ಯಾಂಕಿಗೂ ಹೇಳಿ. ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳೋ ಸೆನ್ ಪೊಲೀಸ್ ಠಾಣೆಗೆ ಹೋಗಿ, ಅದು ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ.

ಅಪ್ಪ ಬೈತಾರೆ ಅಂತ ಎರಡು ದಿನ ಮುಚ್ಚಿಡಬೇಡಿ. ಒಬ್ಬರೇ ಹೋಗೋಕೆ ಹೆದರಿಕೆಯಾದರೆ ಗೆಳೆಯರನ್ನೋ, ಲೆಕ್ಚರರನ್ನೋ ಕರೆದುಕೊಂಡು ಹೋಗಿ. ಆಮೇಲೆ "ಹೋದ ದುಡ್ಡು ವಾಪಸ್ ಕೊಡಿಸ್ತೀವಿ, ಸ್ವಲ್ಪ ಫೀಸ್ ಕಟ್ಟಿ" ಅಂತ ಒಂದು ಫೋನ್ ಬರಬಹುದು. ಅವರೂ ಕಳ್ಳರೇ, ಕಟ್ ಮಾಡಿ.