ಗಜನಿ ಗದ್ದೆಯ ಓದು, ನನ್ನ ಟಿಪ್ಪಣಿ ಪಟ್ಟಿ

ಕುಮಟಾ ಹತ್ತಿರದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಗಳ ಮೇಲೆ ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಓದಬೇಕಾದದ್ದು ಕೃಷಿ, ಮೀನುಗಾರಿಕೆ, ಇತಿಹಾಸ ಅಂತ ಎಲ್ಲೆಲ್ಲೋ ಚದುರಿದೆ. ಹಾಗಾಗಿ ಸಾಹಿತ್ಯ ಸಮೀಕ್ಷೆಗೆ ಸೀದಾ ಕೈಹಾಕಲಿಲ್ಲ. ಮೊದಲು ಅನೋಟೇಟೆಡ್ ಬಿಬ್ಲಿಯಾಗ್ರಫಿ ಮಾಡಿಕೊಂಡೆ. ಪ್ರತಿ ಲೇಖನದ ವಿವರ, ಅದರ ಕೆಳಗೆ ನನ್ನದೇ ಮಾತಿನಲ್ಲಿ ಒಂದು ಚಿಕ್ಕ ಟಿಪ್ಪಣಿ, ಅಷ್ಟೇ.

ಸಾರಾಂಶ ಲೇಖನದ ಮೊದಲ ಪುಟದಲ್ಲೇ ಇರುತ್ತದೆ. ಅದನ್ನೇ ಸುಮ್ನೆ ಇಳಿಸಿಕೊಂಡರೆ ಏನು ಬಂತು? ನಾನು ಹುಡುಕುವುದು ಬೇರೆ. ಯಾವ ಊರು, ಯಾರನ್ನು ಕೇಳಿದರು, ಯಾವ ತಿಂಗಳು ನೋಡಿದರು? ಮಳೆಗಾಲದಲ್ಲಿ ಉಪ್ಪು ತೊಳೆದುಹೋಗಿ ಗಜನಿಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಆಗಸ್ಟ್‌ನಲ್ಲಿ ಬಂದವರು ಕಂಡ ಗದ್ದೆ, ಜನವರಿಯಲ್ಲಿ ಬಂದವರು ಕಂಡ ಕೆರೆ ಒಂದೇ ಜಾಗ ಇರಬಹುದು, ಅಲ್ವಾ?

ಕ್ಷೇತ್ರಕಾರ್ಯ ನಡೆದ ವರ್ಷವನ್ನೂ ತಪ್ಪದೆ ಬರೆಯುತ್ತೇನೆ. ಅಚ್ಚಾದ ವರ್ಷ ಸಾಲದು. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸರ್ವೇಗೆ ಬಂದ ಫ್ರಾನ್ಸಿಸ್ ಬುಕಾನನ್ ಈ ಕರಾವಳಿ ನೋಡಿದ್ದು 1801ರಲ್ಲಿ, ಪುಸ್ತಕ ಬಂದದ್ದು 1807ರಲ್ಲಿ. ಅದು ಹೋಗಲಿ, ಆ ಕಾಲದಲ್ಲಿ ಅಷ್ಟರೊಳಗೆ ಗದ್ದೆ ಜಾಸ್ತಿ ಬದಲಾಗಿರಲಿಕ್ಕಿಲ್ಲ. ಸಿಗಡಿ ಕೃಷಿಯಲ್ಲಿ ಹಾಗಲ್ಲ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಸಿಗಡಿ ಕೆರೆಗಳ ಬಗ್ಗೆ ತೀರ್ಪು ಕೊಟ್ಟಿತು. ಆಮೇಲೆ ಅಚ್ಚಾದ ಲೇಖನದಲ್ಲೂ ತೀರ್ಪಿಗೆ ಮೊದಲಿನ ಲೆಕ್ಕ ಇರಬಹುದು.

ಟಿಪ್ಪಣಿಯ ಕೊನೆಗೆ ಒಂದು ಪ್ರಶ್ನೆ: ಇದು ಯಾರ ಮಾತಿಗೆ ಎದುರು? ಅಧ್ಯಾಯ ಬರೆಯುವಾಗ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಇದೇ. ಕಗ್ಗ ಕಡಿಮೆಯಾದದ್ದಕ್ಕೆ ಒಬ್ಬರು ಒಡ್ಡು ಒಡೆದದ್ದನ್ನು ಹೇಳುತ್ತಾರೆ, ಇನ್ನೊಬ್ಬರು ಸಿಗಡಿ ಗುತ್ತಿಗೆಯನ್ನು, ಮತ್ತೊಬ್ಬರು ಆಳು ಸಿಗದಿರುವುದನ್ನು. ಲೇಖನಗಳ ವಿವರ ಕೂಡಿಡುವ ಝೋಟೆರೊ ತಂತ್ರಾಂಶದಲ್ಲಿ ಒಂದೊಂದು ಕಾರಣಕ್ಕೆ ಒಂದೊಂದು ಟ್ಯಾಗ್ ಹಾಕಿದೆ. ಲೇಖಕರ ಹೆಸರಿನ ಕ್ರಮ ಬಿಟ್ಟು ಟ್ಯಾಗ್ ಪ್ರಕಾರ ನೋಡಿದಾಗ ಅಧ್ಯಾಯದ ಉಪಶೀರ್ಷಿಕೆಗಳು ಅಲ್ಲೇ ಸಿಕ್ಕವು. ಒಂದೇ ಲೇಖನ ಎರಡು ಮೂರು ಕಡೆ ಬಂದರೆ ಬರಲಿ.

ಪುಟಸಂಖ್ಯೆ ಮಾತ್ರ ಓದುವಾಗಲೇ ಬರೆದುಬಿಡಬೇಕು. "ಇದು ಎಲ್ಲಿದೆ, ತೋರಿಸಿ" ಅಂತ ಗೈಡ್ ಕೇಳಿಯೇ ಕೇಳುತ್ತಾರೆ.

ಗಜನಿಯಂಥದ್ದೇ ಆದ ಗೋವಾದ ಖಜಾನ್ ಭೂಮಿಯ ಲೇಖನಗಳಿಗೆ ಎರಡೇ ಸಾಲು. ಹೋಲಿಕೆಗೆ ಅವು ಬೇಕು, ಆದರೆ ಅಲ್ಲೇ ಕೂತರೆ ನಾನು ಅಲ್ಲಿನ ಮಾಂಡೋವಿ ನದಿ ದಾಟಿ ಈಚೆ ಬರುವುದಿಲ್ಲ. ಅಘನಾಶಿನಿ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಬಂದ ಬರಹಗಳಿಗೆ ಬೇರೆ ಟ್ಯಾಗ್ ಇಟ್ಟಿದ್ದೇನೆ. ಅಧ್ಯಾಯದ ಆ ಭಾಗ ಇನ್ನೂ ಬರೆಯಬೇಕು.